ಆರು ಫೂಟಿನ ಗಂಗವ್ವ

ಇಲಕಲ್ಲಿನ ನಮ್ಮ ಕಾಕಾನಷ್ಟು ಅಳತೆಯ ಮನುಷ್ಯ ಬಾಗಲಕೋಟೆ ಜಿಲ್ಲೆಯಲ್ಲೇ ಇನ್ನೊಬ್ಬರಿಲ್ಲ! ಹೀಗೆ ಬರೆದ ಕೂಡಲೇ ನನಗೆ ಅನುಮಾನ. ನನ್ನ ನೆನಪಿನ ಮೇಲೆ ನನಗೇ ಭರವಸೆ ಕಡಿಮೆ. ಮುಂದೆ ಬರುವ ಕೆಲವು ಮಾತು ಅವರು ಆಡಿದ್ದೋ, ನಾನು ಡೈರಿಯಲ್ಲಿ ಸೇರಿಸಿದ್ದೋ, ಆಣೆ ಮಾಡಿ ಹೇಳಲಾರೆ. ಹಾವು ಮಾತ್ರ ಖರೆ.

ಕಾಕಾ ಸೀರೆ ವ್ಯಾಪಾರಿ. ಒಂದು ಬೆರಳು ಕಡಿಮೆ ಬಂದರೂ ಸೀರೆಯನ್ನು ನೇಯ್ದವರಿಗೇ ವಾಪಸು ಕೊಡುತ್ತಿದ್ದರು. ಅಂಗಡಿ ಬಿಟ್ಟ ಮೇಲೆ ಬೇರೆಯವರು ವಾಕಿಂಗ್ ಹೋಗುತ್ತಾರೆ, ಭಜನೆಗೆ ಸೇರುತ್ತಾರೆ. ಇವರು ಬೋವಾ ಹಾವು ತಂದರು! ದಕ್ಷಿಣ ಅಮೆರಿಕದ ಕಡೆಯ ತಳಿ. ವಿಷವಿಲ್ಲ, ಆದರೆ ಬೆಳೆಯುತ್ತಲೇ ಹೋಗುತ್ತದೆ. ಹೆಸರು ಗಂಗವ್ವ. ಆಕೆಯನ್ನು ಸಾಕಲು ಸರ್ಕಾರ ಕೊಟ್ಟ ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಮದುವೆ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಯಾವ ಚೌಕಟ್ಟು ದೊಡ್ಡದು ಎಂದು ಅವರ ಹೆಂಡತಿ, ನಮ್ಮ ಕಾಕು ಎದುರು ಕೇಳಬಾರದು.

ಕಾಕು ಷರತ್ತು ಒಂದೇ. ಆರು ಫೂಟು ದಾಟಿದ ಹಾವನ್ನು ಒಬ್ಬರೇ ಎತ್ತಬಾರದು, ಇಬ್ಬರು ಬೇಕು ಎಂದು ಕಾಕಾನೇ ಎಲ್ಲೋ ಓದಿ ಹೇಳಿದ್ದರು. ಕಾಕು ಅದನ್ನೇ ಹಿಡಿದರು. "ನಾ ಅಂತೂ ಕೈ ಹಚ್ಚಾಂಗಿಲ್ಲ. ಆರು ಫೂಟ ದಾಟಿದ ದಿನಾನ ನಿಮ್ಮ ಗಂಗವ್ವ ಮನಿ ಬಿಡಬೇಕು. ಸಾಕೋರು ಯಾರರ ಇದ್ರ ಕೊಟ್ಟು ಬರ್ರಿ."

"ಆತು. ಅಳತಿ ನಿಂದ," ಎಂದರು ಕಾಕಾ, "ನನ್ನ ಮನಸ್ಸಿನ ಮ್ಯಾಲೆ ನನಗ ನಂಬಿಗಿ ಇಲ್ಲ."

ಹೀಗೆ ಪ್ರತಿ ಅಮಾವಾಸ್ಯೆಗೆ ಟೇಪು ಹಿಡಿಯುವುದು ಕಾಕು. ದೂರು ಕೊಟ್ಟವರೂ ಅವರೇ, ನ್ಯಾಯಾಧೀಶರೂ ಅವರೇ!

ಗಂಗವ್ವನನ್ನು ಎತ್ತುವುದೆಂದರೆ ಲಿಂಗಪೂಜೆಗಿಂತ ಹೆಚ್ಚು ಮಡಿ. ಸೋಪು ಹಚ್ಚಿ ಕೈ ತೊಳೆಯಬೇಕು; ಇಲಿಯ ವಾಸನೆ ಬಂದರೆ ಬೆರಳನ್ನೇ ಊಟ ಅಂದುಕೊಳ್ಳುತ್ತಾಳೆ. ಮೊದಲು ಕೊಕ್ಕೆಯಿಂದ ಮೆಲ್ಲಗೆ ಮುಟ್ಟಿ, ಇದು ಊಟದ ಹೊತ್ತಲ್ಲ ಎಂದು ತಿಳಿಸಬೇಕು. ಉಂಡ ಮೇಲೆ ಎರಡು ದಿನ ಮುಟ್ಟಬಾರದು. ಸುತ್ತಿಕೊಂಡರೆ ಬಾಲದ ಕಡೆಯಿಂದ ಬಿಡಿಸಬೇಕು. ಕೊರಳಿಗಂತೂ ಹಾಕಿಕೊಳ್ಳಲೇಬಾರದು.

ಬಾದಾಮಿಯಿಂದ ಬಂದ ಬೀಗರೊಬ್ಬರಿಗೆ ಅದೇ ಬೇಕಿತ್ತು. "ಒಂದ ಫೋಟೋ ರೀ. ಶಿವನ ಕೊಳ್ಳಾಗ ಇರ್ಲಿಲ್ಲೇನು?"

"ಶಿವಗ ನಿಮ್ಮಂಗ ಬಿಪಿ ಗುಳಗಿ ಇರ್ಲಿಲ್ರಿ," ಎಂದರು ಕಾಕಾ.

ಊಟದ ಕಥೆ ಬೇರೆ. ಕೋಳಿ ತತ್ತಿಯೂ ಹೊಸ್ತಿಲು ದಾಟದ ಮನೆ ಅದು. ಗಂಗವ್ವನ ಇಲಿಗಳಿಗೆ ಹಿತ್ತಲ ಕೋಣೆಯಲ್ಲಿ ಪ್ರತ್ಯೇಕ ಫ್ರಿಜ್ಜು. ಬಾಗಿಲ ಮೇಲೆ ಕಾಕು ಕೈಬರಹ: 'ಇದು ನಮ್ಮದಲ್ಲ.' ಅದೇ ಬೀಗರು ತಣ್ಣೀರು ಹುಡುಕುತ್ತ ಅದನ್ನು ತೆರೆದರು. ಆಮೇಲೆ ನೀರೂ ಬೇಡವಾಯಿತು, ಫೋಟೋನೂ ಬೇಡವಾಯಿತು.

ನಾಗರಪಂಚಮಿಗೆ ಓಣಿಯ ಹೆಣ್ಣುಮಕ್ಕಳೆಲ್ಲ ಹಾಲು ತಂದು ಬಾಗಿಲಲ್ಲಿ ನಿಂತರು. ಕಲ್ಲಿನ ನಾಗಪ್ಪನ ಬದಲು ಜೀವಂತ ನಾಗಪ್ಪ ಸಿಕ್ಕರೆ ಬಿಟ್ಟಾರೆಯೇ? ಕಾಕಾ ಅಡ್ಡ ನಿಂತರು. "ಹಾಲು ಆಕಿಗೆ ಆಗಿಬರೂದಿಲ್ರವಾ, ಹೊಟ್ಟಿ ಕೆಡತೈತಿ."

"ಹಂಗಾರ ಎಂಥಾ ನಾಗಪ್ಪರಿ ಇದು?"

"ಇಲ್ಲೀದಲ್ಲವಾ, ಪರದೇಶದ್ದು. ಇನ್ನೂ ರೂಢಿ ಆಗಿಲ್ಲ."

ತಂದ ಹಾಲು ವಾಪಸು ಒಯ್ಯಬಾರದಲ್ಲ! ಕಾಕು ದೊಡ್ಡ ಪಾತೇಲಿ ಇಟ್ಟರು. ಇಡೀ ಓಣಿ ನಾಗಪ್ಪನ ಪಾಲಿನ ಚಹಾ ಕುಡಿದು, ಗಂಗವ್ವನಿಗೆ ದೂರದಿಂದಲೇ ಕೈಮುಗಿದು ಹೋಯಿತು.

ಹಬ್ಬಕ್ಕೆ ಹೋದಾಗಲೆಲ್ಲ ಹಿಂದಿನ ಅಮಾವಾಸ್ಯೆಯ ಅಳತೆ ಕೇಳಿ ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಯುಗಾದಿ: ಆರು ಫೂಟಿಗೆ ಸ್ವಲ್ಪ ಕಡಿಮೆ. ಪಂಚಮಿ: ಅಷ್ಟೇ. ಮರುವರ್ಷದ ಯುಗಾದಿ: ಅಷ್ಟೇ. ಕಣ್ಣಿಗೆ ಮಾತ್ರ ಗಂಗವ್ವ ಪ್ರತಿಸಲ ಉದ್ದ ಕಾಣುತ್ತಿದ್ದಳು. ಎಂದಿನಂತೆ ನಾನು ನನ್ನ ಕಣ್ಣನ್ನೇ ಬೈದುಕೊಂಡೆ.

ಹೋದ ಅಮಾವಾಸ್ಯೆಗೆ ಹೇಳದೆ ಹೋದೆ. ಪಡಸಾಲೆಯ ನೆಲದ ಮೇಲೆ ಅಳತೆ ನಡೆದಿತ್ತು. ಮುಂದಿನ ಅರ್ಧ ಕಾಕಾನ ಕೈಯಲ್ಲಿ. ಹಿಂದಿನ ಅರ್ಧ, ಸೆರಗು ಸಿಕ್ಕಿಸಿ ಕುಳಿತ ಕಾಕು ತೊಡೆಯ ಮೇಲೆ! ಎರಡೂ ಕೈಯಿಂದ ಆನಿಸಿ ಹಿಡಿದು, ಬೈಯುತ್ತಿದ್ದರು: "ಸುಮ್ನ ಇರ್ತೀಯೋ ಇಲ್ಲೋ? ಜಡಿ ಹಾಕೂ ಮುಂದ ಮಿಸುಕಾಡೋ ಹುಡುಗಿ ಹಂಗ ಮಾಡ್ತಿ!"

ಕಾಕು ಒಂದು ಕೈ ಬಿಡಿಸಿ ಬಾಲದವರೆಗೆ ಎಳೆದ ಟೇಪು ಆರು ದಾಟಿತು. ಏಳು ದಾಟಿತು. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು.

"ಬರಕೋರಿ," ಎಂದರು ಕಾಕು, "ಆರಕ್ಕ ಸ್ವಲ್ಪ ಕಡಿಮಿ."

ಕಾಕಾ ಬರೆದುಕೊಂಡರು. ಇಬ್ಬರೂ ಸೇರಿ ಗಂಗವ್ವನನ್ನು ಪೆಟ್ಟಿಗೆಗಿಳಿಸಿದರು, ಒಬ್ಬರಿಗೊಬ್ಬರು ಹೇಳದೆ, ಒಂದೇ ಹೆಜ್ಜೆಯಲ್ಲಿ. ಆಮೇಲೆ ಕಾಕು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದರು. ನಾನು ಬಾಗಿಲಲ್ಲಿ ನಿಂತು ಕೇಳಿದೆ:

"ಕಾಕು, ಖರೆ ಹೇಳ್ರಿ. ನೀವು ಆಕಿನ್ನ ಯಾವತ್ತಿಂದ ಎತ್ತಾಕತ್ತೀರಿ?"

"ಆರು ದಾಟಿದ ದಿನದಿಂದ," ಎಂದರು ಕಾಕು, "ಇಬ್ಬರು ಬೇಕಂತ ನಿಮ್ಮ ಕಾಕಾನ ಹೇಳಿದ್ರಲ್ಲ?"