ಗವಾಯಿಗಳ ಮನೆ ನೋಡಲು ಹೋದದ್ದು

ಸಂಗೀತದ ಗಂಧಗಾಳಿ ನನಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಂದಿನಲ್ಲಿ ಧಾರವಾಡದಲ್ಲಿ ಸೋದರಮಾವ ಒಂದು ಬೈಠಕ್ಕಿಗೆ ಕರೆದೊಯ್ದಿದ್ದ. ತಂಬೂರಿ ಶ್ರುತಿ ಮಾಡುವುದನ್ನೇ ಹಾಡೆಂದು ತಿಳಿದು, ಅದು ನಿಂತ ಕೂಡಲೇ ಎಲ್ಲ ಮುಗಿಯಿತೆಂದು ಎದ್ದು ಮನೆಗೆ ಬಂದವನು ನಾನು. ದಾಂಡೇಲಿಯ ಕಾಗದದ ಕಾರ್ಖಾನೆಗೆ ಸೇರಿದ ಮೇಲಂತೂ ನನ್ನ ಕಿವಿಗೆ ಗುರುತು ಸಿಗುವ ರಾಗ ಒಂದೇ, ಕಾರ್ಖಾನೆಯ ಭೋಂಗಾ. ಅದು ಕೂಗಿದರೆ ಕೆಲಸಕ್ಕೆ ಹೋಗಬೇಕು, ಮತ್ತೆ ಕೂಗಿದರೆ ಮನೆಗೆ ಬರಬೇಕು. ಇಷ್ಟು ಸ್ಪಷ್ಟವಾಗಿ ಅರ್ಥವಾಗುವ ರಾಗ ಬೇರೆ ಇದ್ದರೆ ಬಲ್ಲವರು ಹೇಳಬೇಕು.

ಇಂಥವನು ಹೆಂಡತಿಯನ್ನು ಕರೆದುಕೊಂಡು ಹೆಸರಾಂತ ಗವಾಯಿಗಳ ಮನೆ ನೋಡಲು ಹೊರಟಿದ್ದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ಸದ್ದೇ ಇರಲಿಲ್ಲ. ನನ್ನಾಕೆ ಶಾಂತವ್ವ ಹಾಡಿಕೊಂಡೇ ಕೆಲಸ ಮಾಡುವವಳು. ರೊಟ್ಟಿ ಬಡಿಯುವಾಗ ಒಂದು ಹಾಡು, ಅಕ್ಕಿ ಆರಿಸುವಾಗ ಇನ್ನೊಂದು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವನು ಎಷ್ಟೋ ಸಲ ರೇಗಿದ್ದೂ ಉಂಟು. ಹಿಂದಿನ ಮಳೆಗಾಲದಲ್ಲಿ ನಮ್ಮ ಎಳೆಗೂಸು, ಇನ್ನೂ ಹೆಸರಿಟ್ಟಿರಲಿಲ್ಲ, ಜ್ವರ ಬಂದು ಹೋಗಿಬಿಟ್ಟಿತು. ಅಂದಿಗೆ ಹಾಡು ನಿಂತಿತು. ಆಕೆ ಅಳಲೂ ಇಲ್ಲ. ಅಷ್ಟು ಎಳೆಯ ಕೂಸಿಗೆ ನಮ್ಮಲ್ಲಿ ದಿನಕರ್ಮ ಮಾಡುವುದಿಲ್ಲ. ಮಾತಾಡಿಸಲು ಊರಿನಿಂದ ಯಾರೂ ಬರುವುದಿಲ್ಲ. ನಾವಿದ್ದ ಬಂಗೂರನಗರದ ಸಾಲುಮನೆಗಳ ಹೆಂಗಸರು ಬಾಗಿಲಲ್ಲೇ ನಿಂತು, "ಇನ್ನೂ ಸಣ್ಣಾಕಿ ಅದೀಯವಾ, ಮತ್ತ ಆಗ್ತಾವ" ಎಂದು ಹೇಳಿ ಹೋದರು. ಈಕೆ ತಲೆಯಾಡಿಸಿ ಒಳಗೆ ಹೋಗಿ ಒಲೆ ಹಚ್ಚಿದಳು. ಮರುದಿನ ಭೋಂಗಾ ಕೂಗಿತು, ನಾನು ಕೆಲಸಕ್ಕೆ ಹೋದೆ.

ಉಪಾಯ ಹೇಳಿದವನು ನನ್ನ ಪಕ್ಕದ ಯಂತ್ರದ ಗುರಪ್ಪ. "ತೇರಗಾಂವದಾಗ ಗವಾಯಿಗೋಳ ಮನಿ ಐತಲ್ಲ, ಅಲ್ಲಿಗೆ ಕರಕೊಂಡು ಹೋಗ. ಅವರು ತೀರಿ ಹೋಗಿ ಎಷ್ಟೋ ವರ್ಷ ಆತು, ತಂಬೂರಿ ಮಾತ್ರ ಹಂಗ ಇಟ್ಟಾರ. ಯಾರು ಹೋದ್ರೂ ಅವರ ಮನಿಯವರು, ಆ ಅಜ್ಜಿ, ಬರ್ರಿ ಅಂತ ಕರದು, ಚಾ ಕೊಟ್ಟು ಎಲ್ಲಾ ತೋರಸ್ತಾರ. ನಿನ್ನಾಕಿ ಹಾಡಾಕಿ ಅದಾಳ, ಮನಸ್ಸು ಹಗುರಾಗತೈತಿ" ಎಂದ. ನನಗೂ ಹೌದೆನ್ನಿಸಿತು. ಅಷ್ಟು ವರ್ಷ ಹಾಡು ಕೇಳಿದ ಗೋಡೆಗಳಿಂದ ಈಕೆಗೆ ಒಂದು ಗುನುಗಾದರೂ ಅಂಟಿಕೊಳ್ಳಬಹುದೆಂದು ನನ್ನ ಲೆಕ್ಕ.

ಐತವಾರ ಹೊರಟೆವು. ಆಕೆ ಇಳಕಲ್ಲ ಸೀರೆ ಉಟ್ಟಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡ ರಸಿಕನ ಹಾಗೆ ಹೆಗಲ ಮೇಲೆ ಶಾಲು ಹಾಕಿಕೊಂಡೆ. ಹಳಿಯಾಳದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ, ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಗವಾಯಿಗಳ ಮನೆಯ ಕಟ್ಟೆಯ ಮೇಲೆ ಐದಾರು ಗಂಡಸರು ಕೂತಿದ್ದರು. ಒಬ್ಬರೂ "ಬರ್ರಿ" ಎನ್ನಲಿಲ್ಲ. ನನಗೆ ಸಿಟ್ಟು ಬಂತು. ದೊಡ್ಡವರ ಮನೆಯವರ ಗತ್ತು ಇದು ಎಂದುಕೊಂಡೆ. ಒಬ್ಬ ಮುದುಕರು ಸುಮ್ಮನೆ ಸರಿದು ಜಾಗ ಕೊಟ್ಟರು. ನಮ್ಮ ಹಾಗೆಯೇ ನೋಡಲು ಬಂದವರು, ಪಾಳಿ ಕಾಯುತ್ತಿದ್ದಾರೆ ಎಂದು ತಿಳಿದು ನಾನೂ ಕೂತೆ.

"ಒಳಗ ನೋಡಾಕ ಬಿಡ್ತಾರೇನ್ರಿ?" ಎಂದೆ.

"ತಡಾ ಮಾಡಿದ್ರಿ. ನಿನ್ನೆ ಸಂಜಿಕನ ಆತು" ಎಂದರು ಮುದುಕರು.

"ಐತವಾರ ತೆರೆದಿರತೈತಿ ಅಂದಿದ್ರಲ್ರಿ" ಎಂದೆ.

ಅವರು ನನ್ನನ್ನು ಒಮ್ಮೆ ನೋಡಿ, ತಲೆ ತಗ್ಗಿಸಿದರು.

ಅಷ್ಟರಲ್ಲಿ ಶಾಂತವ್ವ ಪಕ್ಕದಲ್ಲಿರಲಿಲ್ಲ. ಹೊಸ್ತಿಲ ಮುಂದೆ ರಂಗೋಲಿ ಇಲ್ಲದ್ದು, ಒಳಗೆ ಹೆಂಗಸರು ತಲೆ ಬಿಚ್ಚಿಕೊಂಡು ಕೂತದ್ದು ಆಕೆಗೆ ಬಂದ ಕೂಡಲೇ ಕಂಡಿತ್ತು. ಚಹಾ ಕೊಡುತ್ತಿದ್ದ ಅಜ್ಜಿಯೇ ತೀರಿಕೊಂಡಿದ್ದರು, ಹಿಂದಿನ ಸಂಜೆ ಆದದ್ದು ಅವರ ಮಣ್ಣು. ಸಾವಿನ ಮನೆಗೆ ಹೋದ ಹೆಂಗಸು ಗುರುತಿರಲಿ ಬಿಡಲಿ, ಆ ಮನೆಯ ಮಗಳನ್ನು ತಬ್ಬಿಕೊಂಡು ಎರಡು ಮಾತು ಹಾಡಿ ಅಳಬೇಕು. ಅದು ನಮ್ಮ ಕಡೆಯ ರೀತಿ. ಆಕೆ ಸೆರಗು ಹೊದ್ದು ಒಳಗೆ ಹೋಗಿದ್ದಳು. ಸ್ವಲ್ಪ ಹೊತ್ತಿಗೆ ನನಗೆ ಚೆನ್ನಾಗಿ ಗುರುತಿದ್ದ ದನಿ ಕೇಳಿಸಿತು.

"ತೊಟ್ಟಲಾ ಕಟ್ಟಲಿಲ್ಲ ನನ್ನವ್ವಾ, ಹೆಸರು ಹಿಡದು ಕರೀಲಿಲ್ಲ ನನ್ನವ್ವಾ, ಎದಿಹಾಲು ಬತ್ತುದರಾಗ ಎಲ್ಲಿಗೆ ನಡದೆವ್ವಾ..."

ಕಟ್ಟೆಯ ಗಂಡಸರು ಮುಖ ಮುಖ ನೋಡಿಕೊಂಡರು. ಹಣ್ಣು ಮುದುಕಿಗೆ ತೊಟ್ಟಿಲು ಎಲ್ಲಿಂದ ಬಂತೆಂದು ಅವರಿಗೆ ತಿಳಿಯಲಿಲ್ಲ. ಒಳಗಿನ ಹೆಂಗಸರಿಗೆ ತಿಳಿದಿರಬೇಕು. ಅವರು ಆಕೆಯನ್ನು ತಡೆಯಲಿಲ್ಲ, ಎಲ್ಲರೂ ಸೇರಿ ದನಿಗೂಡಿಸಿದರು. ಬಾಗಿಲ ಸಂದಿಯಿಂದ ನೋಡಿದೆ. ಆ ಮನೆಯ ಮಗಳೇ, ತಾಯಿ ಸತ್ತವಳೇ, ಈಕೆಯ ಬೆನ್ನು ಸವರುತ್ತಿದ್ದಳು. ಅವರ ಹಿಂದೆ ಮೂಲೆಯಲ್ಲಿ ಗವಸು ಹಾಕಿದ ತಂಬೂರಿ ನಿಂತಿತ್ತು. ನನಗೆ ತಡೆಯಲಾರದಷ್ಟು ಸಂಕಟವಾಯಿತು. ಎಷ್ಟೋ ತಿಂಗಳಿಂದ ಕೇಳಬೇಕೆಂದು ಹಂಬಲಿಸಿದ್ದ ದನಿ ಅದು.

"ನಿಮ್ಮಾಕಿ ಅಜ್ಜಿಗೆ ಏನಾಗಬೇಕ್ರಿ?" ಎಂದು ಮುದುಕರು ಕೇಳಿದರು.

"ಏನೂ ಆಗೂದಿಲ್ರಿ" ಎಂದೆ.

ಗಂಡಸರಿಗೆ ಅಳುವ ರೀತಿಯಿಲ್ಲವಾದ್ದರಿಂದ ನಾವು ಈ ಸಲದ ಭತ್ತದ ಬಗ್ಗೆ ಮಾತಾಡಿದೆವು.

ಆಕೆ ಹೊರಗೆ ಬಂದಾಗ ನಾನು ಗಡಿಬಿಡಿಯಲ್ಲಿ ಎದ್ದು, ಎಲ್ಲರಿಗೂ ಕೈಮುಗಿದು, "ಹೋಗಿ ಬರ್ತೇವ್ರಿ" ಎಂದುಬಿಟ್ಟೆ. ಕಟ್ಟೆಯ ಮೇಲಿನ ತಲೆಗಳೆಲ್ಲ ಒಮ್ಮೆಗೇ ಎದ್ದವು. ಶಾಂತವ್ವ ನನ್ನ ಶಾಲು ಹಿಡಿದು ಎಳೆದುಕೊಂಡೇ ಬಂದಳು. ಬಸ್ಸಿನಲ್ಲಿ ಹಳಿಯಾಳದವರೆಗೂ ಬೈದಳು. "ಸತ್ತವರ ಮನ್ಯಾಗ ಯಾರರೆ ಹೋಗಿ ಬರ್ತೇವಿ ಅಂತಾರೇನ್ರಿ? ಮತ್ತೊಮ್ಮಿ ಇಂಥಾದ್ದಕ್ಕ ಬರಬೇಕೇನು? ಇಷ್ಟು ವಯಸ್ಸಾತು, ಎಲ್ಲಿ ಏನನಬೇಕು ತಿಳಿಯೂದಿಲ್ಲ ನಿಮಗ." ನಾನು ಆಸೆಪಟ್ಟು ಕೇಳಿಸಿಕೊಂಡೆ. ಬಸ್ಸು ಇನ್ನಷ್ಟು ನಿಧಾನವಾಗಿ ಹೋದರೂ ನನ್ನ ತಕರಾರಿರಲಿಲ್ಲ.

ಹಳಿಯಾಳ ದಾಟಿದ ಮೇಲೆ ಆಕೆ ಮೆಲ್ಲಗೆ, "ನೀವು ಒಮ್ಮಿನೂ ಅಳಲಿಲ್ಲಲ್ರಿ" ಎಂದಳು. ಅಜ್ಜಿಯ ವಿಷಯವಲ್ಲ ಅದು. ಮನೆಗೆ ಬಂದು, ಒಳಗೆ ಕಾಲಿಡುವ ಮುಂಚೆ ಇಬ್ಬರೂ ಹಿತ್ತಲಲ್ಲಿ ತಲೆಗೆ ನೀರು ಹಾಕಿಕೊಂಡೆವು.

ಮರುದಿನ ಬೆಳಿಗ್ಗೆ ನಾನು ಅಂಗಿ ತೊಟ್ಟು ಒಲೆಯ ಮುಂದೆ ಕೂತಿದ್ದೆ. ಆಕೆ ಹಾಡದೆಯೇ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಿ ನನ್ನ ಮುಖ ನೋಡಿ, ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು.

"ಭೋಂಗಾ ಆಗಿ ಎಷ್ಟೋ ಹೊತ್ತಾತ್ರಿ" ಎಂದಳು.

ನನಗೆ ಕೇಳಿಸಿಯೇ ಇರಲಿಲ್ಲ.