ಸದನದಲ್ಲಿ ನನ್ನದೊಂದು ವಾಕ್ಯ

ಸಿಂಗಟಾಲೂರಿನ ಹಾದಿಯಲ್ಲಿ ಕಿಲೋಮೀಟರು ಕಲ್ಲೊಂದು ತಲೆಕೆಳಗಾಗಿ ನಿಂತಿರುವ ಗಂಭೀರ ಸಂಗತಿ ವಿಧಾನಸಭೆಯಲ್ಲಿ ನಾಲ್ಕು ನಿಮಿಷ ಚರ್ಚೆಯಾಯಿತು. ಸದಸ್ಯರೊಬ್ಬರು ಎದ್ದು ಕೇಳಿದರು. ಮಂತ್ರಿಗಳು ಎದ್ದು ಉತ್ತರಿಸಿದರು. ಪ್ರಾಣಹಾನಿ ಏನೂ ಆಗಿರಲಿಲ್ಲ. ಆದರೂ ಆ ಸುದ್ದಿ ಓದಿದ ದಿನ ಶಿರಹಟ್ಟಿಯಲ್ಲಿ ನನಗೆ ಊಟ ಸೇರಲಿಲ್ಲ.

ಎಪ್ಪತ್ತರ ದಶಕದ ಕೊನೆಯಿಂದ ಹತ್ತು ವರ್ಷ ನಾನು ಒಂದು ಇಲಾಖೆಯಲ್ಲಿ ಗುಮಾಸ್ತನಾಗಿದ್ದೆ. ಇಲಾಖೆಯ ಹೆಸರು ಬೇಡ. ಕಲ್ಲು, ಗೋಡೆ, ನೀರು ಮೂರೂ ನಮ್ಮ ಪಾಲಿಗೆ ಬರುತ್ತಿದ್ದವು ಎಂದರೆ ಸಾಕು. ಶಾಸಕರು ಸದನದಲ್ಲಿ ಮಂತ್ರಿಗಳನ್ನು ಪ್ರಶ್ನಿಸುತ್ತಾರೆ, ಮಂತ್ರಿಗಳು ಉತ್ತರ ಓದುತ್ತಾರೆ. ಆ ಉತ್ತರ ಬರೆಯುವವರು ಮಾತ್ರ ತಾಲೂಕಿನ ಗುಮಾಸ್ತರು. ಇಂಥ ಏರ್ಪಾಡು ಇರುವಲ್ಲಿ ಇಂಥವು ಆಗುತ್ತಲೇ ಇರುತ್ತವೆ.

೧. ಎರಡು ಶಬ್ದ

ಮುಂಡರಗಿಯ ಗುಮಾಸ್ತ ಮತ್ತು ನಾನು ಒಂದೇ ದಿನ ನೌಕರಿಗೆ ಸೇರಿದವರು. ಆ ಕಲ್ಲಿನ ಪ್ರಶ್ನೆ ಅವನ ಮೇಜಿಗೆ ಬಂದಿತ್ತು. ‘ಕಲ್ಲು ತಲೆಕೆಳಗಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಅವನು ಬರೆದ ಉತ್ತರ: ‘ಬಂದಿದೆ. ನೇರಗೊಳಿಸಲಾಗುವುದು.’ ಅಷ್ಟೆ.

ಮುಂದಿನ ವಾರ ಗದಗಿನ ಕಚೇರಿಯಲ್ಲಿ ಸಿಕ್ಕಾಗ ಅಂಗಿಯ ಜೇಬಿನಿಂದ ಪತ್ರಿಕೆಯ ತುಣುಕು ತೆಗೆದ.

“ಮಂತ್ರಿಗಳು ನಾ ಬರೆದದ್ದು ಹೆಂಗೈತಿ ಹಂಗ ಓದ್ಯಾರ ನೋಡು. ಒಂದಕ್ಷರ ತಿದ್ದಿಲ್ಲ.”

“ತಿದ್ದಾಕ ಏನೈತಿ ಅದರಾಗ?” ಅಂದೆ.

“ಅದಕ್ಕ ಬರವಣಿಗಿ ಅಂತಾರ,” ಅಂದ.

ಮನೆಗೆ ಬಂದು ಹೆಂಡತಿಯ ಮುಂದೆ ದುಃಖ ತೋಡಿಕೊಂಡೆ. “ಅವರ ಕಡೆ ಕಲ್ಲು ಉಲ್ಟಾ ನಿಂತ್ರ ಬೆಂಗಳೂರಿನ ಮಂತ್ರಿಗೆ ಗೊತ್ತಾಗತೈತಿ. ನಮ್ಮ ಬಚ್ಚಲದಾಗ ನೀರು ಕಟ್ಟಿಕೊಂಡು ಎಂಟು ದಿನ ಆತು, ನಿಮಗ ಗೊತ್ತಾಗಿಲ್ಲ,” ಅಂದಳು.

೨. ತಪ್ಪುಗಳ ಪಟ್ಟಿ

ನಮ್ಮ ಶಿರಹಟ್ಟಿ ತಾಲೂಕಿನ ಮೇಲೆ ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ನಮ್ಮ ಭಾಗದ ಶಾಸಕರು ಆಡಳಿತ ಪಕ್ಷದವರು, ಮೇಲಾಗಿ ಸಭ್ಯರು. ಮಂತ್ರಿಗಳ ಬಾಯಲ್ಲಿ ನನ್ನದೊಂದು ವಾಕ್ಯ ಬರಬೇಕಾದರೆ ಮೊದಲು ಇವರು ಬಾಯಿ ತೆರೆಯಬೇಕಿತ್ತು. ಒಂದು ರವಿವಾರ ಅವರ ಮನೆಗೆ ಹೋದೆ.

“ಸಾಹೇಬ್ರ, ನಮ್ಮ ಇಲಾಖೆ ಮ್ಯಾಲ ಒಂದು ಪ್ರಶ್ನಿ ಹಾಕ್ರಿ.”

“ನಮ್ಮ ಸರ್ಕಾರಾನ ನಾನ ಕೇಳಿದ್ರ ಛಲೋ ಕಾಣತೈತೇನು?”

“ಮುಂಡರಗಿ ಕಡೆಯವರು ಕೇಳ್ಯಾರ್ರಿ. ಪೇಪರಿನ್ಯಾಗ ಫೋಟೋನೂ ಬಂದೈತಿ.”

ಫೋಟೋ ಎಂದ ಕೂಡಲೇ ಶಾಸಕರು ಕಾಗದ, ಪೆನ್ನು ತರಿಸಿದರು. ಹೊಟ್ಟೆಕಿಚ್ಚು ಗುಮಾಸ್ತರಿಗಷ್ಟೇ ಮೀಸಲಲ್ಲ ಎಂದು ಆಗ ತಿಳಿಯಿತು.

ನಮ್ಮ ಇಲಾಖೆಯ ತಪ್ಪುಗಳನ್ನು ಒಂದೊಂದಾಗಿ ಹೇಳಿದೆ. ಅವುಗಳಲ್ಲಿ ಶ್ರೇಷ್ಠವಾದದ್ದು ಲಕ್ಷ್ಮೇಶ್ವರದ ಹೊರಗಿನ ಬಸ್ ತಂಗುದಾಣ. ಅದನ್ನು ರಸ್ತೆಗೆ ಬೆನ್ನು ಮಾಡಿ ಕಟ್ಟಲಾಗಿತ್ತು. ಒಳಗೆ ಕೂತವರಿಗೆ ಜೋಳದ ಹೊಲ ಕಾಣುತ್ತಿತ್ತು. ಬಸ್ಸಿನ ಸದ್ದು ಕೇಳಿ ಗೋಡೆ ಸುತ್ತಿ ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

“ಇಷ್ಟೆಲ್ಲಾ ಕೆಡಿಸಿದವರು ಯಾರು?” ಶಾಸಕರು ಕೇಳಿದರು.

“ನಾವರಿ.”

“ನಾ ಪ್ರಶ್ನಿ ಹಾಕಿದ್ರ ಉತ್ತರ ಬರಿಯಾವರು?”

“ಅವರೂ ನಾವರಿ.”

“ಪ್ರಶ್ನಿನೂ ನೀವ ಹೇಳಾಕತ್ತೀರಿ. ಮತ್ತ ನಾ ಯಾಕ ನಡುವ?” ಅಂದರು. ಆದರೂ ಸಹಿ ಹಾಕಿದರು.

೩. ಗುರುವಾರದ ತನಕ ಗೋಡೆ

‘ಅತಿ ತುರ್ತು’ ಎಂಬ ಕೆಂಪು ಚೀಟಿ ಅಂಟಿಸಿಕೊಂಡು ಪ್ರಶ್ನೆ ನನ್ನ ಮೇಜಿಗೆ ಬಂತು. ಸದನದಲ್ಲಿ ಉತ್ತರ ಮುಂದಿನ ಗುರುವಾರ. ಮೂರು ಪುಟ ಉತ್ತರ ಬರೆದೆ. ಮುಂಗಾರಿನ ಗಾಳಿಯ ದಿಕ್ಕು, ಮಧ್ಯಾಹ್ನದ ನೆರಳು, ಪ್ರಯಾಣಿಕರಿಗೆ ಹಸಿರು ನೋಡುವುದರಿಂದಾಗುವ ಲಾಭ, ಒಂದನ್ನೂ ಬಿಡಲಿಲ್ಲ. ಟೈಪು ಮಾಡಲು ಕೊಟ್ಟರೆ ಬೆಟಗೇರಿಯ ಟೈಪಿಸ್ಟ್ ಓದಿ, “ಇದನ್ನ ಓದಾಕ ಮಂತ್ರಿಗಳು ಎದ್ದು ನಿಂತ್ರ ಅಧಿವೇಶನ ಮುಗದ ಮ್ಯಾಲ ಕುಂಡ್ರತಾರ್ರಿ,” ಅಂದ. ಅದನ್ನು ಪ್ರಶಂಸೆ ಎಂದೇ ತೆಗೆದುಕೊಂಡೆ.

ಆದರೆ ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿಯಿತ್ತು. ಸದನದಲ್ಲಿ ಯಾವ ತಪ್ಪಿನ ಬಗ್ಗೆ ಪ್ರಶ್ನೆ ಬರುತ್ತದೋ ಆ ತಪ್ಪನ್ನು ಉತ್ತರದ ದಿನದೊಳಗೆ ಅಳಿಸಿಬಿಡುವುದು. ಪ್ರಯಾಣಿಕರು ನಾಲ್ಕು ವರ್ಷ ಅರ್ಜಿ ಕೊಟ್ಟರೂ ಅಲುಗದಿದ್ದ ಮೇಲಿನವರು, ಕೆಂಪು ಚೀಟಿ ಕಂಡ ಮರುದಿನವೇ ರಸ್ತೆ ಕಡೆಯ ಗೋಡೆ ಒಡೆಯಲು ಆಳು ಕಳಿಸಿದರು. ಗೋಡೆ ಹೋದರೆ ನನ್ನ ಮೂರು ಪುಟವೂ ಹೋದಂತೆ. ಸಿಕ್ಕ ಬಸ್ಸು ಹತ್ತಿ ಲಕ್ಷ್ಮೇಶ್ವರಕ್ಕೆ ಓಡಿದೆ.

“ಮೇಸ್ತ್ರಿ, ಬರೋ ಗುರುವಾರದ ತನಕ ಗ್ವಾಡಿ ಇರಲಿ.”

“ಯಾಕ್ರಿ?”

“ಇದರ ಮ್ಯಾಲ ಸದನದಾಗ ಮಾತಾಡೋದೈತಿ.”

ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ಎದ್ದಳು. “ನಾಕು ವರ್ಷ ಈ ಗ್ವಾಡಿ ಸುತ್ತ ಓಡಿ ನನ್ನ ಮೊಣಕಾಲು ಹೋದ್ವು. ಪ್ರಶ್ನಿ ಕೇಳಿದ ಪುಣ್ಯಾತ್ಮ ಯಾರೋ ಏನೋ, ತಣ್ಣಗಿರಲಿ. ಗ್ವಾಡಿ ಇರಲಿ ಅನ್ನಾಂವ ನೀ ಯಾಂವೋ ಯಪ್ಪಾ?”

ಬಸ್ಸಿನ ಸದ್ದು ಕೇಳಿ ನಾನೂ ಗೋಡೆ ಸುತ್ತಿ ಓಡಿದೆ. ಸಂಜೆಯೊಳಗೆ ಗೋಡೆ ಬಿತ್ತು. ಮೂರು ಪುಟ ಹರಿದು ಹೊಸ ಉತ್ತರ ಬರೆದೆ: ‘ಗೋಡೆಯನ್ನು ತೆರವುಗೊಳಿಸಲಾಗಿದೆ. ಪ್ರಶ್ನೆ ಉದ್ಭವಿಸುವುದಿಲ್ಲ.’ ಎಣಿಸಿ ನೋಡಿದೆ. ನಾಲ್ಕು ಶಬ್ದ. ಮುಂಡರಗಿಯವನದು ಎರಡೇ.

೪. ತೃಪ್ತಿಕರ ಉತ್ತರ

ಗುರುವಾರದ ಅಧಿವೇಶನಕ್ಕೆ ಗದಗಿನ ಕಚೇರಿಯ ಸಾಹೇಬರು ಮುಂಡರಗಿಯವನನ್ನೂ ನನ್ನನ್ನೂ ಬೆಂಗಳೂರಿಗೆ ಕರೆದೊಯ್ದರು. ಮುಂಡರಗಿಯ ಕೈಪಂಪೊಂದು ನೀರೆತ್ತದ ಬಗ್ಗೆಯೂ ಅದೇ ದಿನ ಪ್ರಶ್ನೆಯಿತ್ತು. ಎರಡೂ ಉತ್ತರ ಒಂದೇ ಕಡತದಲ್ಲಿದ್ದವು. ಅಧಿಕಾರಿಗಳ ಗ್ಯಾಲರಿಯ ಹಿಂದಿನ ಸಾಲಿನಲ್ಲಿ ಅವನೂ ನಾನೂ ಪಕ್ಕಪಕ್ಕ ಕೂತೆವು.

ನಮ್ಮ ಶಾಸಕರು ಎದ್ದು, ತಂಗುದಾಣ ರಸ್ತೆಗೆ ಬೆನ್ನು ಮಾಡಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಕೇಳಿದರು. ಮಂತ್ರಿಗಳು ಕಡತ ತೆರೆದು ಓದಿದರು. “ಬಂದಿದೆ. ಸದರಿಯದನ್ನು ಮೇಲಕ್ಕೆತ್ತಿ, ಸವೆದ ವಾಷರ್ ಬದಲಿಸಿ, ಹದಿನೈದು ದಿನದಲ್ಲಿ ಮತ್ತೆ ಇಳಿಸಲಾಗುವುದು.”

ಮುಂಡರಗಿಯವನು ನನ್ನ ತೊಡೆ ಚಿವುಟಿದ. “ಲೇ, ನನ್ನ ಪಂಪಿಂದು ಓದಾಕತ್ತಾರೋ!”

“ಪ್ರಶ್ನಿ ನಂದೈತಿ!”

“ಉತ್ತರ ನಂದಲ್ಲೇನು?”

ವಿರೋಧ ಪಕ್ಷದ ಸದಸ್ಯರೊಬ್ಬರು ಸಿಟ್ಟಿನಿಂದ ಎದ್ದರು. ಸದ್ಯ, ಒಬ್ಬರಾದರೂ ತಪ್ಪು ಹಿಡಿದರು ಎಂದುಕೊಂಡೆ. “ಹದಿನೈದು ದಿನ ಏಕೆ? ಎಂಟು ದಿನದಲ್ಲಿ ಇಳಿಸಲು ಸಾಧ್ಯವಿಲ್ಲವೇ?” ಎಂದು ಕೇಳಿದರು. ಪ್ರಯತ್ನಿಸಲಾಗುವುದು ಎಂದರು ಮಂತ್ರಿಗಳು. ನಮ್ಮ ಶಾಸಕರು ಉತ್ತರ ತೃಪ್ತಿಕರವಾಗಿದೆ ಎಂದು ಕೂತರು. ಪ್ರಶ್ನೋತ್ತರದ ಸಮಯ ಮುಗಿಯಿತು. ನನ್ನ ನಾಲ್ಕು ಶಬ್ದ ಕಡತದಲ್ಲೇ ಉಳಿದವು.

ಮಂತ್ರಿಗಳು ಸದನದಲ್ಲಿ ಮಾಡುತ್ತೇವೆ ಎಂದದ್ದೆಲ್ಲ ಭರವಸೆ. ಅದು ಈಡೇರಿತೇ ಎಂದು ನೋಡಲು ಒಂದು ಸಮಿತಿಯೇ ಇದೆ. ಕೆಲವು ವಾರಗಳ ನಂತರ ಅಲ್ಲಿಂದ ಪತ್ರ ಬಂತು. ಲಕ್ಷ್ಮೇಶ್ವರದ ತಂಗುದಾಣವನ್ನು ಮೇಲಕ್ಕೆತ್ತಿ ವಾಷರ್ ಬದಲಿಸಲಾಗಿದೆಯೇ, ವರದಿ ಸಲ್ಲಿಸಿ. ನನ್ನ ಜೀವ ಹಗುರಾಯಿತು. ಇದಕ್ಕಾದರೂ ನಾನೇ ಬರೆಯಬೇಕಲ್ಲ! ಪತ್ರ ಹಿಡಿದು ಗದಗಿಗೆ ಹೋದೆ.

ಸಾಹೇಬರು ಎರಡು ಸಲ ಓದಿದರು. “ತಂಗುದಾಣ ನಿಮ್ಮದು, ಖರೆ. ಆದ್ರ ವಾಷರ್ ವಿಚಾರ ನಿಮಗೇನು ಗೊತ್ತೈತಿ?” ಅಂದರು.

ವರದಿಯನ್ನು ಮುಂಡರಗಿಯಿಂದ ಬರೆಸಲಾಯಿತು. ತಂಗುದಾಣದ ವಾಷರ್ ಬದಲಾಗಿದೆ ಎಂಬುದನ್ನು ಸಮಿತಿ ಒಪ್ಪಿಕೊಂಡು ಕಡತ ಮುಕ್ತಾಯಗೊಳಿಸಿತು.