ತಾನಾಗಿಯೇ ಎಣ್ಣೆ ಕುಡಿಯುವ ಚೈನು

ನಾನು ಓದು ನಿಲ್ಲಿಸಿದ್ದು ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ, ಒಂಬತ್ತನೇ ಕ್ಲಾಸಿನ ನಟ್ಟನಡುವೆ. ಓದು ನನ್ನನ್ನು ಬಿಟ್ಟಿತೋ ನಾನು ಓದನ್ನು ಬಿಟ್ಟೆನೋ ಎಂಬ ವಿಷಯದಲ್ಲಿ ನನಗೂ ನಮ್ಮ ಮೇಷ್ಟ್ರಿಗೂ ಇವತ್ತಿಗೂ ಒಮ್ಮತವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಓದಿದವರು ತಪ್ಪು ಮಾಡಿದರೆ ಜನ 'ಪಾಪ, ಯಾವುದೋ ಯೋಚನೆಯಲ್ಲಿದ್ದರು' ಎನ್ನುತ್ತಾರೆ. ನಮ್ಮಂಥವರು ಮಾಡಿದರೆ 'ನಾಲ್ಕಕ್ಷರ ಕಲಿತಿದ್ದರೆ ಹೀಗಾಗುತ್ತಿತ್ತೇ' ಎನ್ನುತ್ತಾರೆ. ಹಾಗಾಗಿ ನಾನು ತಪ್ಪನ್ನೂ ಬಹಳ ಜೋಪಾನವಾಗಿ, ಟೇಪು ಹಿಡಿದು ಅಳತೆ ಮಾಡಿಯೇ ಮಾಡುತ್ತೇನೆ.

ನನ್ನ ಕಸುಬು ತೋಟಗಳಿಗೆ ಡ್ರಿಪ್ ಪೈಪು ಹಾಕುವುದು. ಚಿತ್ರದುರ್ಗದ ಪಕ್ಕದ ಮದಕರಿಪುರದ ಮನೆಯಿಂದ ಬೆಳಗ್ಗೆ ಬೈಕು ಹತ್ತಿದರೆ ಒಂದು ದಿನ ಹಿರೇಗುಂಟನೂರು, ಮತ್ತೊಂದು ದಿನ ಹಿರಿಯೂರಿನಾಚೆ ಯಲ್ಲದಕೆರೆ, ಮಗದೊಂದು ದಿನ ಹೊಸದುರ್ಗದ ಕಡೆ. ಈ ಕೈಯಿಂದ ಎಷ್ಟು ತೆಂಗು, ಎಷ್ಟು ದಾಳಿಂಬೆ ಹನಿಹನಿಯಾಗಿ ನೀರು ಕುಡಿದಿವೆಯೋ ನನಗೇ ಗೊತ್ತಿಲ್ಲ. ನಾನು ಹಾಕಿದ ಪೈಪಿನಲ್ಲಿ ಮೊದಲ ಗಿಡಕ್ಕೆ ಬಿದ್ದಷ್ಟೇ ಹನಿ ಕೊನೆಯ ಗಿಡಕ್ಕೂ ಬೀಳುತ್ತದೆ. ಇದನ್ನು ಜಂಬ ಎಂದು ಯಾರಾದರೂ ಅಂದರೆ ಅನ್ನಲಿ, ಜಂಬವೇ.

ಇಂಥ ಮನುಷ್ಯನ ಬೈಕಿನ ಚೈನು ಮಾತ್ರ ಒಣಗಿ ಕಿರಿಚುತ್ತಿತ್ತು. ಒಂದು ಮಳೆಗಾಲದಲ್ಲಿ ಹಿರಿಯೂರು ಕಡೆಯ ಎರೆಮಣ್ಣು ಚೈನಿನ ಕವರಿನೊಳಗೆ ಮುದ್ದೆಯಾಗಿ ಕುಳಿತು ಚಕ್ರವೇ ತಿರುಗದಂತಾದಾಗ, ಸಿಟ್ಟಿನಲ್ಲಿ ಕವರು ಬಿಚ್ಚಿ ಹಾಕಿದವನು ಮತ್ತೆ ಅದನ್ನು ತೊಡಿಸಲಿಲ್ಲ. ಅಂದಿನಿಂದ ಚೈನಿಗೆ ಬಿಸಿಲು, ಧೂಳು, ಕೆಸರು ಎಲ್ಲವೂ ನೇರ. ಎಣ್ಣೆ ಬಿಡದಿದ್ದರೆ ಕೀರಲು ದನಿ. ಬಿಟ್ಟರೆ ಆ ಎಣ್ಣೆ ಚಕ್ರದ ಜೊತೆ ಒಂದು ಸುತ್ತು ಹೊಡೆದು ಎಡಗಡೆ ಚಿಮ್ಮುತ್ತಿತ್ತು. ಎಡಗಡೆ ಕಾಲು ಇಳಿಬಿಟ್ಟು ಕೂರುವವಳು ನನ್ನ ಹೆಂಡತಿ ಸುಜಾತ. ಮೂರು ಸೀರೆಗಳ ಅಂಚು ಕಪ್ಪು ಚುಕ್ಕೆಯಾಗುವವರೆಗೂ ಅವಳು ತಾಳ್ಮೆಯಿಂದಿದ್ದಳು. ನಾಲ್ಕನೆಯದು ಅವಳ ತಂಗಿ ಕೊಟ್ಟ ಮೊಸರಿನ ಬಣ್ಣದ ಸೀರೆ. ಅದನ್ನು ತೊಳೆಯುವ ಕಲ್ಲಿನ ಮೇಲೆ ಹರಡಿಟ್ಟು ನನ್ನನ್ನು ಕರೆದು ತೋರಿಸಿದಳು. "ಇನ್ನು ನಿಮ್ಮ ಗಾಡಿ ಮ್ಯಾಲೆ ನಾನು ಕೂರಲ್ಲ. ಚೈನು ಬಾಯಿ ಮುಚ್ಕಂಡಿರಬೇಕು, ಸೀರೆ ಸೀರೆ ಥರ ಇರಬೇಕು. ಎರಡೂ ಆದ ದಿನ ಕರೀರಿ" ಎಂದಳು.

ಹೆಂಡತಿ ಬೈಕು ಹತ್ತದಿದ್ದರೆ ಲೋಕ ಮುಳುಗಿತೇ ಎಂದು ನೀವು ಕೇಳಬಹುದು. ನಮ್ಮ ಸಂಸಾರದ ಒಳಗುಟ್ಟು ಹೇಳುತ್ತೇನೆ. ಮನೆಯಲ್ಲಿ ನಾವಿಬ್ಬರೂ ಮಾತಾಡುವುದು ಕಡಿಮೆ. ಅವಳಿಗೆ ಹೊಲಿಗೆ ಮಿಷನ್ನು, ನನಗೆ ಸುಸ್ತು. ಹದಿನೈದು ದಿನಕ್ಕೊಮ್ಮೆ ಭಾನುವಾರ ಹೊಳಲ್ಕೆರೆಯ ಅವಳ ತವರಿಗೆ ಬೈಕಿನಲ್ಲಿ ಹೋಗಿ ಬರುತ್ತೇವಲ್ಲ, ನಮ್ಮ ಮಾತುಕತೆಯೆಲ್ಲ ಆ ರಸ್ತೆಯಲ್ಲೇ. ಅವಳ ಬಾಯಿ ನನ್ನ ಕಿವಿಗೆ ನಾಲ್ಕು ಬೆರಳು ದೂರ. ನಾನು ತಿರುಗಿ ನೋಡುವಂತಿಲ್ಲ, ಎದ್ದು ಹೋಗುವಂತಿಲ್ಲ, ಅವಳೂ ಅಷ್ಟೇ. ಮಗಳನ್ನು ಯಾವ ಕಾಲೇಜಿಗೆ ಸೇರಿಸುವುದು, ನಡುಮನೆಗೆ ಯಾವ ಬಣ್ಣ, ನನ್ನ ಅಣ್ಣನ ಜೊತೆ ಮಾತು ಬಿಡುವುದೋ ಇಟ್ಟುಕೊಳ್ಳುವುದೋ, ಎಲ್ಲವೂ ಚಿತ್ರದುರ್ಗ ಬಿಟ್ಟು ಹೊಳಲ್ಕೆರೆ ಮುಟ್ಟುವುದರೊಳಗೆ ತೀರ್ಮಾನವಾಗುತ್ತಿತ್ತು. ಒಪ್ಪಿಗೆ ಇಲ್ಲದಿದ್ದರೆ ಹೆಲ್ಮೆಟ್ಟಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟುತ್ತಿದ್ದಳು. ಆ ಕುಟ್ಟು ಇಲ್ಲದೆ ಈ ಮನೆಯಲ್ಲಿ ನಾನೊಬ್ಬನೇ ತೆಗೆದುಕೊಂಡ ತೀರ್ಮಾನ ಯಾವುದೂ ನೆಟ್ಟಗಾಗಿಲ್ಲ.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿದಳು. ನಾನೂ ಹಟ ಬಿಡದೆ ಬೈಕು ತೆಗೆದು ಬಸ್ಸಿನ ಪಕ್ಕಕ್ಕೇ ಹೊರಟೆ. ಕಿಟಕಿ ಸೀಟಿನಲ್ಲಿ ಕುಳಿತಿದ್ದ ಅವಳು ಹೊಳಲ್ಕೆರೆಯವರೆಗೂ ಆ ಕಡೆಯ ಹೊಲಗಳನ್ನೇ ನೋಡಿದಳು. ಪಕ್ಕದ ಹೆಂಗಸು ಮಾತ್ರ ನನ್ನನ್ನು ಎರಡು ಸಲ ತೋರಿಸಿ ಏನೋ ಕೇಳಿದಳು. ಇವಳು ತಲೆ ಅಡ್ಡ ಆಡಿಸಿದ್ದು ನನಗೆ ಕಂಡಿತು. ಯಾರೆಂದು ಗೊತ್ತಿಲ್ಲ ಅಂದಿರಬೇಕು.

ತವರಿನಲ್ಲಿ ನನ್ನ ಬಾಮೈದ ಮಂಜುನಾಥ ಸಿಕ್ಕ. ಹಿರಿಯೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾನೆ. ಒಳ್ಳೆಯ ಹುಡುಗ, ಎದುರಿಗಿರುವವರೆಲ್ಲ ಬೆಂಚಿನ ಮೇಲೆ ಕುಳಿತಿದ್ದಾರೆ ಎಂದು ತಿಳಿಯುವುದೊಂದೇ ದೋಷ. ಚೈನಿಗೆ ತಾನಾಗಿಯೇ ಎಣ್ಣೆ ಬಿಡುವ ಸಲಕರಣೆಗಳು ಬಂದಿವೆ ಎಂದು ಮೊಬೈಲಿನಲ್ಲಿ ಒಂದೊಂದೇ ತೋರಿಸಿದ. ಒಂದು, ಇಂಜಿನ್ನು ಉಸಿರೆಳೆದುಕೊಳ್ಳುವಾಗ ಆ ಎಳೆತಕ್ಕೆ ತೆರೆದುಕೊಂಡು ಎಣ್ಣೆ ಬಿಡುವಂಥದ್ದು. ಇಂಜಿನ್ನು ನಿಂತರೆ ಅದೂ ಬಾಯಿ ಮುಚ್ಚುತ್ತದೆ. ಇನ್ನೊಂದಕ್ಕೆ ಸಣ್ಣ ಕಂಪ್ಯೂಟರ್ ಇದೆ. ಗಾಡಿ ಎಷ್ಟು ದೂರ ಓಡಿತು, ಮಳೆ ಬಂತೋ ಇಲ್ಲವೋ ಎಲ್ಲ ತಿಳಿದುಕೊಂಡು ಹನಿ ಹಾಕುತ್ತದೆ. ನನ್ನ ಗಾಡಿಗಿಂತ ಅದಕ್ಕೇ ಹೆಚ್ಚು ಬುದ್ಧಿ, ಅದು ಇದನ್ನು ಮಾತಾಡಿಸೀತೇ ಎಂದು ನನಗೆ ಅನುಮಾನ. ಮೂರನೆಯದು ಬರೀ ಬಾಟಲಿ, ನಲ್ಲಿ, ಪೈಪು. ಹೊರಡುವಾಗ ತಿರುಗಿಸಬೇಕು, ನಿಂತಾಗ ಮುಚ್ಚಬೇಕು. "ಭಾವ, ಮೂರನೇದು ಬಿಟ್ಬಿಡ್ರಿ, ಅದು ತೀರ ಹಳೇ ಕಾಲದ್ದು. ಮೊದಲನೇದೇ ನಿಮ್ಮ ಗಾಡಿಗೆ ಸರಿ" ಎಂದ.

ಮಂಜುನಾಥ ಬೇಡ ಎಂದದ್ದಕ್ಕೇ ನನಗೆ ಮೂರನೆಯದರ ಮೇಲೆ ಮನಸ್ಸಾಯಿತು. ಬಾಟಲಿ, ನಲ್ಲಿ, ಪೈಪು! ಅದು ನನ್ನ ಕಸುಬು. ಎಕರೆಗಟ್ಟಲೆ ತೋಟಕ್ಕೆ ಹನಿ ಹಾಕಿದವನು ಮೊಳದುದ್ದದ ಚೈನಿಗೆ ಹನಿ ಹಾಕಲು ಅಂಗಡಿಗೆ ಹೋಗುವುದೇ? ಊರಿಗೆ ಬಂದು ನಮ್ಮ ಮೆಕ್ಯಾನಿಕ್ ತಿಪ್ಪೇಸ್ವಾಮಿಗೆ ವಿಷಯ ಹೇಳಿದೆ. ಅವನು ಸ್ಪ್ಯಾನರಿನಿಂದ ಬೆನ್ನು ಕೆರೆದುಕೊಳ್ಳುತ್ತ ಕೇಳಿಸಿಕೊಂಡ. "ಏನಪ್ಪ, ವಾರಕ್ಕೊಂದ್ಸಲ ಬ್ರಷ್ ತಗಂಡು ಸವರಿದ್ರೆ ಆಗ್ತೈತೆ. ನಾಳೆ ಹಲ್ಲುಜ್ಜಾಕೂ ಮಿಷನ್ ಹಾಕಿಸ್ತೀಯೇನು?" ಎಂದ. ವಾರಕ್ಕೊಂದು ಸಲ ಏನನ್ನಾದರೂ ನೆನಪಿಟ್ಟುಕೊಂಡು ಮಾಡುವ ಸ್ವಭಾವ ನನ್ನದಾಗಿದ್ದರೆ ನಾನು ಒಂಬತ್ತನೇ ಕ್ಲಾಸು ಪಾಸಾಗುತ್ತಿದ್ದೆ ಎಂದು ಅವನಿಗೆ ಹೇಳಲಿಲ್ಲ.

ಸೀಟಿನ ಕೆಳಗೆ ಅರ್ಧ ಲೀಟರಿನ ಬಾಟಲಿ ಕಟ್ಟಿದೆ. ಅದಕ್ಕೆ ತೋಟದ್ದೇ ಹಸಿರು ನಲ್ಲಿ, ನಲ್ಲಿಗೆ ಇಲಿಬಾಲದಷ್ಟು ಸಣ್ಣ ಪೈಪು, ಪೈಪಿನ ತುದಿಗೆ ಹನಿ ಬಿಡುವ ಡ್ರಿಪ್ಪರು. ಅದು ಹಿಂದಿನ ಹಲ್ಲುಚಕ್ರದ ನೆತ್ತಿಗೆ ಸರಿಯಾಗಿ. ಗೇರ್ ಆಯಿಲ್ ತುಂಬಿ ನಲ್ಲಿ ತಿರುಗಿಸಿ ಕುಕ್ಕರುಗಾಲಲ್ಲಿ ಕುಳಿತೆ. ಒಂದು ಹನಿಯೂ ಇಲ್ಲ. ಡ್ರಿಪ್ಪರಿಗೆ ಮೋಟಾರಿನ ಒತ್ತಡ ಬೇಕು, ಬಾಟಲಿಯಲ್ಲಿ ಎಲ್ಲಿಯ ಒತ್ತಡ? ಡ್ರಿಪ್ಪರು ಕಿತ್ತು ಬರೀ ಪೈಪು ಬಿಟ್ಟೆ. ಬೆಳಗ್ಗೆ ಒಂದೊಂದೇ ಹನಿ, ಮುತ್ತಿನ ಹಾಗೆ. ಮಧ್ಯಾಹ್ನ ಯಲ್ಲದಕೆರೆಯ ಬಿಸಿಲಿಗೆ ಎಣ್ಣೆ ನೀರಾಗಿ ಬಾಟಲಿ ಅರ್ಧ ಖಾಲಿಯಾಗಿ ಹಿಂದಿನ ಟೈರೆಲ್ಲ ಮಿರಮಿರ. ಬೂದಿ ತರಿಸಿ ತಿಕ್ಕಿ ತೊಳೆದು, ಜೀವ ಕೈಯಲ್ಲಿ ಹಿಡಿದು ನಿಧಾನವಾಗಿ ಊರು ಸೇರಿದೆ. ತೋಟದ ಮಾಲೀಕರು ನಾನು ಪೈಪು ಹಾಕಿದ ರೀತಿ ನೋಡಿ ಮೆಚ್ಚಿದವರು, ಬೈಕು ನೋಡಿದ ಮೇಲೆ ಇನ್ನೊಂದು ಸಲ ಹೋಗಿ ಪೈಪು ನೋಡಿಕೊಂಡು ಬಂದರು.

ಆದರೆ ನಾನು ಬಿಡಲಿಲ್ಲ. ಬಿಸಿಲಿನ ಹೊತ್ತಿಗೆ ನಲ್ಲಿ ಎಷ್ಟು ತಿರುವಿರಬೇಕು ಎಂದು ಗೀಟು ಹಾಕಿಕೊಂಡೆ. ಪೈಪಿನ ತುದಿಯನ್ನು ಹಲ್ಲುಚಕ್ರದ ಒಳಮಗ್ಗುಲಿಗೆ ಬಾಗಿಸಿದೆ. ಎಣ್ಣೆ ಚಿಮ್ಮುತ್ತದೋ ಇಲ್ಲವೋ ನೋಡಬೇಕಲ್ಲ, ಹಿಂದಿನ ಸೀಟಿಗೆ ದಿಂಬು ಕಟ್ಟಿ ಅದಕ್ಕೆ ನನ್ನ ಬಿಳಿ ಪಂಚೆ ಸುತ್ತಿ, ಸೀರೆಯ ಹಾಗೆ ಎಡಗಡೆ ಇಳಿಬಿಟ್ಟು, ಚಕ್ರಕ್ಕೆ ಸಿಗದಂತೆ ದಾರದಿಂದ ಬಿಗಿದು ನಾಲ್ಕು ದಿನ ಓಡಾಡಿದೆ. ಹಿರೇಗುಂಟನೂರಿನ ಹೋಟೆಲಿನ ಮುಂದೆ ಕುಳಿತವರು ಮೊದಲ ದಿನ ನಕ್ಕರು, ಎರಡನೆಯ ದಿನ ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಕೇಳಿದರು, ಮೂರನೆಯ ದಿನ ಏನೂ ಕೇಳದೆ ಟೀ ಕೊಡಿಸಿದರು. ನಾಲ್ಕನೆಯ ದಿನ ಪಂಚೆ ಹಾಲಿನಂತೆ ಬೆಳ್ಳಗೆ ವಾಪಸು ಬಂತು. ಚೈನು ಇದೆಯೋ ಇಲ್ಲವೋ ಅನ್ನುವಷ್ಟು ನಿಶ್ಶಬ್ದ. ಸುಜಾತ ಪಂಚೆಯನ್ನು ಬೆಳಕಿಗೆ ಹಿಡಿದು ಅಂಚು ಅಂಚು ನೋಡಿ, "ಭಾನುವಾರ ಹೋಗಾಣ" ಎಂದಳು. ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಗೆದ್ದವನು ಸುಮ್ಮನೆ ಮನೆಗೆ ಹೋಗಬೇಕು. ನಾನು ಮಿರ್ಚಿ ಅಂಗಡಿಗೆ ಹೋದೆ. ಎಣ್ಣೆಯಲ್ಲಿ ಕರಿದದ್ದು ಮುಟ್ಟಬಾರದು ಎಂದು ಡಾಕ್ಟರು ಹೇಳಿ ಆರು ತಿಂಗಳಾಗಿತ್ತು. ಬಿಟ್ಟೇಬಿಟ್ಟೆ ಎಂದು ಸುಜಾತಳಿಗೆ ಮಾತು ಕೊಟ್ಟಿದ್ದೆ, ಅವಳು ಅದನ್ನು ತವರಿನಲ್ಲೆಲ್ಲ ಹೇಳಿ ನನ್ನನ್ನು ಹೊಗಳಿಯೂ ಇದ್ದಳು. ಶನಿವಾರ ಸಂಜೆ ಒಂದು ಪ್ಲೇಟು ಮಂಡಕ್ಕಿ, ಬಿಸಿ ಮಿರ್ಚಿ ತಿಂದು, ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು ಮನೆಗೆ ಬಂದೆ. ಸ್ವಲ್ಪ ಹೊತ್ತಿಗೆ ಸುಜಾತ ಹಿಟ್ಟಿನ ಗಿರಣಿಯಿಂದ ಡಬ್ಬಿ ಹೊತ್ತು ಬಂದಳು. ಎಲ್ಲಿಂದ ಬಂದಿರಿ ಎಂದು ಕೇಳಿದಳು. ಹಿರೇಗುಂಟನೂರಿನಿಂದ ನೇರ ಮನೆಗೇ ಎಂದೆ. ಡಬ್ಬಿ ಇಳಿಸಿ, ಸ್ವಲ್ಪ ಬರ್ರಿ ಎಂದು ಹೊರಗೆ ಕರೆದುಕೊಂಡು ಹೋದಳು.

ನಮ್ಮ ಬಾಗಿಲಿನಿಂದ ಎಣ್ಣೆಯ ಹನಿಗಳು ಹೊರಟಿದ್ದವು. ನಾನು ನಲ್ಲಿ ಮುಚ್ಚಿರಲಿಲ್ಲ. ಹನಿಯಿಂದ ಹನಿಗೆ ಸಮನಾದ ಅಂತರ, ನನ್ನ ಕೆಲಸ ಅಂದಮೇಲೆ ಕೇಳಬೇಕೇ. ಅವುಗಳ ಹಿಂದೆಯೇ ನಡೆದೆವು. ಬೀದಿಯುದ್ದಕ್ಕೂ ಹೋಗಿ, ಮೂಲೆಯಲ್ಲಿ ತಿರುಗಿ, ಮಿರ್ಚಿ ಅಂಗಡಿಯ ಮುಂದೆ ಬಂದು ತಟ್ಟೆಯಗಲದ ಮಡುವಾಗಿ ನಿಂತಿದ್ದವು. ಆಗಲಿ, ಇವತ್ತು ಒಂದೇ ದಿನ ಎಂದು ಹೇಳಲು ಬಾಯಿ ತೆರೆದೆ. ಅವಳು ಬಗ್ಗಿ ನೋಡುತ್ತಿದ್ದಳು. ಆ ಮಡುವನ್ನೂ ಪಕ್ಕದಲ್ಲಿ ಧೂಳು ಮೆತ್ತಿದ ಇನ್ನೊಂದನ್ನೂ ಬೆರಳಿನಿಂದ ತೋರಿಸಿ, "ಇದು ಇವತ್ತಿಂದು. ಇದು ನಿನ್ನೇದು. ಮೊನ್ನೇದರ ಮ್ಯಾಲೆ ಯಾರೋ ನೀರು ಚೆಲ್ಲಿದಾರೆ" ಎಂದಳು. ಅಂಗಡಿಯವನು ಬಾಣಲೆಯಿಂದ ತಲೆ ಎತ್ತಲೇ ಇಲ್ಲ.

ಭಾನುವಾರ ಬೆಳಗ್ಗೆ ಅವಳು ಬಸ್ಸಿಗೇ ಹೋಗುತ್ತಾಳೆಂದು ಮನಸ್ಸು ಗಟ್ಟಿ ಮಾಡಿಕೊಂಡು ಕುಳಿತಿದ್ದೆ. ಅಷ್ಟರಲ್ಲಿ ಮಂಜುನಾಥ ಬಂದ. ಕೈಯಲ್ಲಿ ಒಂದು ಡಬ್ಬ: ಇಂಜಿನ್ನು ನಿಂತರೆ ತಾನೂ ನಿಲ್ಲುವ ಸಲಕರಣೆ. ಅಕ್ಕನಿಗಾಗಿ ತರಿಸಿದ್ದನಂತೆ. ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಬೀಳುವುದಿಲ್ಲ ಎಂದು ಪಾಠ ಶುರು ಮಾಡಿದ. ಜೀವನದಲ್ಲಿ ಮೊದಲ ಸಲ ಅವನ ಪಾಠವನ್ನು ಕೈಕಟ್ಟಿ ಕೇಳಿದೆ. ವಿದ್ಯೆ ಎಂಥ ದೊಡ್ಡದು ಎಂದು ಅವತ್ತು ನನಗೆ ಅರ್ಥವಾಯಿತು. ಇದೇ ಸರಿ, ಈಗಲೇ ಹಾಕಿಸೋಣ ಎಂದು ಎದ್ದೂ ಎದ್ದೆ.

"ಅದು ಬ್ಯಾಡ, ವಾಪಸ್ ತಗಂಡು ಹೋಗು. ಇರೋದೇ ಇರ್ಲಿ" ಎಂದಳು ಸುಜಾತ.

ಮಂಜುನಾಥನಿಗೆ ತಲೆಬುಡ ತಿಳಿಯಲಿಲ್ಲ. "ಅಕ್ಕ, ಅದ್ರಾಗೆ ನಲ್ಲಿ ಮುಚ್ಚಾದು ಮರೆತ್ರೆ ನಿಂತಲ್ಲೆಲ್ಲ ಸೋರ್ತೈತೆ."

"ಇಪ್ಪತ್ತೆರಡು ವರ್ಷದಾಗೆ ಬಚ್ಚಲ ನಲ್ಲಿನ ಒಂದಿನ ಮುಚ್ಚಿಲ್ಲ ನಿಮ್ಮ ಭಾವ. ನನಗೆ ಅದೇ ಬೇಕಾಗಿರಾದು" ಎಂದು ಅವಳು ಒಳಗೆ ಹೋಗಿ ಹೊಸ ಸೀರೆ ಉಟ್ಟು ಬಂದು ಬೈಕಿನ ಹಿಂದೆ ಕುಳಿತಳು.

ಹೀಗೆ ತಿಂಗಳುಗಟ್ಟಲೆ ನಾನು ಮಾಡಿದ ಆಯ್ಕೆಯನ್ನು ಅವಳು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸಿದಳು. ಹೊಳಲ್ಕೆರೆಯ ರಸ್ತೆಯಲ್ಲಿ ಚೈನು ಒಂದಿಷ್ಟೂ ಸದ್ದು ಮಾಡಲಿಲ್ಲ. ಮೊದಲು ಆ ಕಿರುಚಾಟದಲ್ಲಿ ಅವಳ ಮಾತು ಅರ್ಧ ಕೇಳುತ್ತಿತ್ತು, ಉಳಿದರ್ಧ ಕೇಳಿಸಲಿಲ್ಲ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಅವತ್ತು ಪ್ರತಿ ಅಕ್ಷರವೂ ಕೇಳಿಸಿತು. ಆರು ತಿಂಗಳ ಸುಳ್ಳು, ಡಾಕ್ಟರು, ತವರಿನಲ್ಲಿ ಅವಳು ಹೊಗಳಿದ್ದು, ಎಲ್ಲವೂ ಸ್ವಚ್ಛವಾಗಿ. ನಾನು ಎರಡು ಸಲ ಬಾಯಿ ತೆರೆದೆ. ಹೆಲ್ಮೆಟ್ಟಿನ ಮೇಲೆ ನಾಲ್ಕು ಸಲ ಕುಟ್ಟು ಬಿತ್ತು. ಹೊಳಲ್ಕೆರೆ ಮುಟ್ಟುವ ಹೊತ್ತಿಗೆ ಎಲ್ಲ ತೀರ್ಮಾನವಾಗಿತ್ತು.

ಈಗ ನನ್ನ ಬಳಿ ಇರುವುದು ಇಷ್ಟು: ಬೈಕು ಒಂದು. ದನಿಯಿಲ್ಲದ ಚೈನು ಒಂದು. ಹಸಿರು ನಲ್ಲಿ ಒಂದು. ಕಲೆಯಿಲ್ಲದ ಸೀರೆಯಲ್ಲಿ ಹಿಂದೆ ಕುಳಿತಿರುವ ಹೆಂಡತಿ ಒಬ್ಬಳು. ಮಿರ್ಚಿ, ಹದಿನೈದು ದಿನಕ್ಕೆ ಒಂದು. ಅದೂ ಅವಳ ಪ್ಲೇಟಿನಿಂದ.